ಹೊಲದ ಉಗ್ರಾಣಕ್ಕೆ ನಾನು ಲೆಕ್ಕ ಹಾಕಿದ ಬಗೆ

ಶೆಡ್ ಕಟ್ಟುವವರು ಮೊದಲು ಕೇಳುವುದೇ ಉದ್ದ ಎಷ್ಟು, ಅಗಲ ಎಷ್ಟು ಎಂದು. ನಾನು ಅದಕ್ಕೆ ಉತ್ತರ ಹೇಳಿದ್ದು ಎಲ್ಲ ಮುಗಿದ ಮೇಲೆ. ಮೊದಲು ಮಾಡಿದ್ದು ಒಂದು ಪಟ್ಟಿ: ಒಳಗೆ ಏನೇನು ಬರುತ್ತದೆ, ಯಾವ ತಿಂಗಳು ಬರುತ್ತದೆ, ಯಾವಾಗ ಖಾಲಿಯಾಗುತ್ತದೆ. ಕೊಯ್ಲಿನ ಹೊತ್ತಿಗೆ ಒಕ್ಕಣೆ ಯಂತ್ರ, ಟ್ರೇಲರ್ ಎರಡೂ ಹೊರಗೆ. ಅವು ಒಳಗೆ ಬರುವಷ್ಟರಲ್ಲಿ ಧಾನ್ಯದ ಒಂದು ಪಾಲು ಮಾರಾಟವಾಗಿರುತ್ತದೆ. ಹಾಗಾಗಿ ಎಲ್ಲ ಸಾಮಾನಿನ ಜಾಗ ಕೂಡಿಸುವುದು ಬಿಟ್ಟು, ಅತಿ ಹೆಚ್ಚು ತುಂಬಿರುವ ತಿಂಗಳಿಗೆ ಎಷ್ಟು ಬೇಕೋ ಅಷ್ಟನ್ನೇ ಹಿಡಿದೆ.

ಒಣಹುಲ್ಲನ್ನು ಪಟ್ಟಿಯಿಂದಲೇ ತೆಗೆದೆ. ಸರಿಯಾಗಿ ಒಣಗದ ಹುಲ್ಲು ಒಟ್ಟಿದಲ್ಲೇ ಕಾದು ತಾನಾಗಿ ಹೊತ್ತಿಕೊಳ್ಳಬಹುದು. ಡೀಸೆಲ್ ಯಂತ್ರ ನಿಲ್ಲುವ ಮಾಡಿನಡಿ ಅದು ಬೇಡ, ಬಣವೆ ದೂರವೇ ಇರಲಿ. ಗೊಬ್ಬರಕ್ಕೆ ಬೇರೆ ಬಾಗಿಲಿರುವ ಕೋಣೆ. ಯೂರಿಯಾ ಗಾಳಿಯ ತೇವ ಹೀರಿ ಗಟ್ಟಿಯಾಗುತ್ತದೆ, ಕಬ್ಬಿಣವನ್ನೂ ತಿನ್ನುತ್ತದೆ. ಬೆಳೆಗೆ ಹೊಡೆಯುವ ಔಷಧದ ಡಬ್ಬಿಗಳಂತೂ ಧಾನ್ಯದ ಹತ್ತಿರ ಸುಳಿಯಲೇಬಾರದು.

ಚೀಲದ ಲೆಕ್ಕ ಸುಲಭ ಅನ್ನಿಸುತ್ತದೆ, ಆದರೆ ಮೋಸ ಇರುವುದು ಅಲ್ಲೇ. ಐವತ್ತು ಕಿಲೋ ತುಂಬಿದ ಚೀಲವನ್ನು ಮಲಗಿಸಿ ಅಳೆದೆ: ಹೆಚ್ಚುಕಡಿಮೆ 3 ಅಡಿ ಉದ್ದ, 2 ಅಡಿ ಅಗಲ. ಹತ್ತು ಸಾಲು ಎತ್ತರಕ್ಕೆ ಒಟ್ಟಿದರೆ 6 ಚದರ ಅಡಿಯಲ್ಲಿ ಅರ್ಧ ಟನ್ ನಿಲ್ಲುತ್ತದೆ. 20 ಟನ್ನಿಗೆ 240 ಚದರ ಅಡಿ, ಅಂದರೆ 12×20 ಅಡಿಯ ಒಂದು ಅಟ್ಟಿ. ಗೋಡೆಗೆ ತಾಗಿಸಿದರೆ ತೇವ ಏರುತ್ತದೆ, ಇಲಿ ಸೇರಿದ್ದೂ ಕಾಣುವುದಿಲ್ಲ. ಅದಕ್ಕೆ ಸುತ್ತಲೂ ಎರಡೂವರೆ ಅಡಿ ಓಡಾಡುವ ಜಾಗ ಬಿಟ್ಟೆ. ಆಗ ಅದು 17×25 ಅಡಿಯಾಯಿತು, 425 ಚದರ ಅಡಿ! ಧಾನ್ಯ ಹಿಡಿದ ಜಾಗದ ಮುಕ್ಕಾಲು ಪಾಲಿನಷ್ಟು ಬರೀ ದಾರಿಗೇ ಹೋಯಿತು.

ಹೀಗೆ ಧಾನ್ಯ, ಯಂತ್ರ, ಗೊಬ್ಬರ ಎಲ್ಲ ಸೇರಿ 1800 ಚದರ ಅಡಿಗೆ ಬಂದು ನಿಂತಿತು. ಅದನ್ನೇ 20×90 ಮಾಡಿದರೆ ಸುತ್ತಳತೆ 220 ಅಡಿ, 30×60 ಮಾಡಿದರೆ 180. ನಲವತ್ತು ಅಡಿ ಗೋಡೆ ಉಳಿಯುತ್ತದೆ. ಅಗಲ ಹೆಚ್ಚಾದಷ್ಟೂ ಮಾಡನ್ನು ಹೊರುವ ಚೌಕಟ್ಟು, ಅಂದರೆ ಟ್ರಸ್, ಭಾರವಾಗುತ್ತದೆ ನಿಜ, ಆದರೆ ನಡುವೆ ಕಂಬ ಬಂದರೆ ಟ್ರ್ಯಾಕ್ಟರ್ ತಿರುಗಿಸಲು ಆಗದು. 30×60 ಇಟ್ಟುಕೊಂಡೆ. ಮುಂದೆ ಬೆಳೆಸುವುದಾದರೆ ಅಗಲ ಹೆಚ್ಚಿಸುವುದಕ್ಕಿಂತ ಉದ್ದ ಹೆಚ್ಚಿಸುವುದು ಅಗ್ಗ. ಅದಕ್ಕಾಗಿ ಒಂದು ತುದಿಯ ಗೋಡೆಯನ್ನು ಬಿಚ್ಚಿ ತೆಗೆಯುವಂತೆ ಶೀಟಿನಲ್ಲೇ ಮಾಡಿಸಿದೆ, ಆ ಕಡೆಯ ನೆಲವನ್ನೂ ಖಾಲಿ ಬಿಟ್ಟೆ. ಬಾಗಿಲು ಮಾತ್ರ ಈಗಿನ ಯಂತ್ರದ ಅಳತೆಗೆ ಬೇಡ, ಮುಂದೆ ಕೊಳ್ಳಬಹುದಾದ ದೊಡ್ಡ ಯಂತ್ರದ ಅಳತೆಗೆ ಇರಲಿ.

ಇನ್ನು ದುಡ್ಡು. ನನಗೆ ಬಂದ ಅಂದಾಜುಗಳೆಲ್ಲ ಕಂಬ, ಟ್ರಸ್, ಶೀಟು, ಬಾಗಿಲಿಗೆ ಮುಗಿದಿದ್ದವು. ಹಣ ನುಂಗುವುದು ಅದರ ಕೆಳಗೆ ಮತ್ತು ಸುತ್ತ. ಅದಕ್ಕೇ ಪುಸ್ತಕದಲ್ಲಿ ಮೂರು ಪುಟ ಮಾಡಿದೆ: ನೆಲದ ಕೆಳಗಿನದು, ನೆಲದ ಮೇಲಿನದು, ಹೊರಗಿನದು.

ಕಾಂಕ್ರೀಟ್ ನೆಲ 6 ಇಂಚು ದಪ್ಪವಾದರೆ 900 ಘನ ಅಡಿ, 4 ಇಂಚಾದರೆ 600. ಟ್ರ್ಯಾಕ್ಟರ್ ಓಡುವ ಅರ್ಧಕ್ಕೆ ಮಾತ್ರ 6 ಇಂಚು ಹಾಕಿಸಿ 150 ಘನ ಅಡಿ ಉಳಿಸಿದೆ. ಕಾಂಕ್ರೀಟಿನ ಅಡಿಯಲ್ಲಿ ಹಾಸುವ ದಪ್ಪ ಪ್ಲಾಸ್ಟಿಕ್ ಹಾಳೆಯಲ್ಲಿ ಮಾತ್ರ ಉಳಿತಾಯ ಮಾಡಲಿಲ್ಲ. ನೆಲದಿಂದ ಏರುವ ತೇವವನ್ನು ತಡೆಯುವುದು ಅದೇ, ಆಮೇಲೆ ಹಾಕಿಸಲು ಬರುವುದೂ ಇಲ್ಲ. ಹೊರಗಿನ ಪುಟದಲ್ಲಿ ದೊಡ್ಡ ಬಾಬತ್ತು ನೀರು. 50 ಮಿಲಿಮೀಟರ್ ಮಳೆ ಸುರಿದರೆ ಇಷ್ಟು ಮಾಡಿನಿಂದ ಎಂಟು ಸಾವಿರ ಲೀಟರಿಗೂ ಮೀರಿ ನೀರು ಇಳಿಯುತ್ತದೆ. ಮಾಡಿನ ಅಂಚಿನ ದೋಣಿ, ಪೈಪು, ಅದು ಹರಿದು ಹೋಗುವ ಚರಂಡಿ, ಲಾರಿ ಹೂತುಕೊಳ್ಳದಂತೆ ಜಲ್ಲಿ ಹಾಸಿದ ಅಂಗಳ, ಕರೆಂಟಿನ ತಂತಿ ಎಲ್ಲವೂ ಆ ಪುಟಕ್ಕೆ ಹೋದವು. ಇಲಿಯ ಖರ್ಚನ್ನೂ ಬರೆದುಕೊಂಡೆ. ಚಿಟ್ಟಿಲಿ ಆರೇಳು ಮಿಲಿಮೀಟರ್ ಸಂದಿಯಲ್ಲೂ ನುಸುಳುತ್ತದೆ, ಆದ್ದರಿಂದ ಬಾಗಿಲ ಅಡಿಗೆ ತಗಡಿನ ಪಟ್ಟಿ, ಗಾಳಿಕಿಂಡಿಗೆ ಸಣ್ಣ ಕಣ್ಣಿನ ಜಾಲರಿ ಬೇಕು.

ಒಟ್ಟು ಮೊತ್ತದ ಮೇಲೆ ನೂರಕ್ಕೆ ಹದಿನೈದು ಸೇರಿಸಿದೆ. ಗುಂಡಿ ತೋಡಿ ಮಣ್ಣು ನೋಡಿದ ಮೇಲೂ ಅಡಿಪಾಯ ಎಷ್ಟು ಆಳಕ್ಕೆ ಹೋಗುತ್ತದೆಂದು ಯಾರೂ ಖಚಿತವಾಗಿ ಹೇಳಲಾರರು.

ಆಮೇಲೆ ಆ ಮೊತ್ತವನ್ನು ಇಪ್ಪತ್ತು ವರ್ಷಕ್ಕೆ ಹಂಚಿ, ಬಡ್ಡಿ, ದುರಸ್ತಿ, ವಿಮೆ ಸೇರಿಸಿ ವರ್ಷದ ಖರ್ಚು ತೆಗೆದೆ. ಧಾನ್ಯ ಒಂದಕ್ಕೇ ಆಗಿದ್ದರೆ ಬಾಡಿಗೆ ಗೋದಾಮೇ ಮೇಲು ಎಂದು ಲೆಕ್ಕ ಹೇಳಿತು. ಯಂತ್ರಗಳಿಗೂ ಸೂರು, ಗೊಬ್ಬರವನ್ನು ಮೊದಲೇ ತಂದಿಡುವ ಅನುಕೂಲ ಎರಡೂ ಸೇರಿದಾಗಷ್ಟೇ ತಕ್ಕಡಿ ಕಟ್ಟಡದ ಕಡೆ ವಾಲಿತು. ಬರೀ ಬೆಲೆ ಏರುತ್ತದೆಂಬ ಆಸೆಗೆ ಕಟ್ಟುವವರು ಈ ಭಾಗವನ್ನು ಎರಡು ಸಲ ಮಾಡಿ ನೋಡಲಿ.

ಗುತ್ತಿಗೆದಾರರಿಗೆ ಹಣ ಕೊಟ್ಟದ್ದು ಹಂತಹಂತವಾಗಿ: ಅಡಿಪಾಯಕ್ಕೆ, ಕಂಬ ನಿಂತಾಗ, ಮಾಡು ಮುಚ್ಚಿದಾಗ. ಕೊನೆಯ ಕಂತು ಒಂದು ಜೋರು ಮಳೆ ಬಿದ್ದ ಮೇಲೆ ಎಂದು ಒಪ್ಪಂದದಲ್ಲೇ ಬರೆಸಿದ್ದೆ. ಮಳೆ ಬಂತು, ಶೀಟಿನ ತಿರುಪುಗಳ ಹತ್ತಿರ ಅಲ್ಲಲ್ಲಿ ತೊಟ್ಟಿಕ್ಕಿತು. ಅವರೇ ಹತ್ತಿ ರಬ್ಬರ್ ವಾಷರ್ ಬದಲಿಸಿ ಇಳಿದರು, ದುಡ್ಡು ತೆಗೆದುಕೊಂಡು ಹೋದರು.