ತೋಟದ ಏರಿಗೆ ಯಾವ ಎಂಜಿನ್? ಪಿಕಪ್ ಕೊಳ್ಳುವ ಮುಂಚೆ

ಪಿಕಪ್ ತಗೊಳ್ಳಲು ಹೊರಟವರು ಮೊದಲು ಕೇಳುವುದು ಮೈಲೇಜ್ ಎಷ್ಟು ಅಂತ. ಆಮೇಲೆ ಇಎಂಐ. ಸ್ವಲ್ಪ ತಿಳಿದವರು ‘ಆಗುಂಬೆ ಘಾಟಿ ಹತ್ತುತ್ತಾ?’ ಅನ್ನುತ್ತಾರೆ. ಮನೆ ಮುಂದಿನ ಏರು ಹತ್ತುತ್ತಾ ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಾನೂ ಕೇಳಿರಲಿಲ್ಲ.

ತೀರ್ಥಹಳ್ಳಿ ಕಡೆಯ ನಮ್ಮ ಮನೆಗೆ ಟಾರು ರಸ್ತೆಯಿಂದ ಇನ್ನೂರು ಮೀಟರ್ ಮಣ್ಣಿನ ದಾರಿ. ಕೊನೆಯ ಮೂವತ್ತು ಮೀಟರ್ ದರೆ ಕಡಿದು ಮಾಡಿದ್ದು. ಸಣ್ಣ ಎಂಜಿನ್ನಿನ ಗಾಡಿ ತಂದ ಮೊದಲ ವರ್ಷ, ಅಡಿಕೆ ಗೊನೆ ಕೊಯ್ಲು ಮುಗಿಯುವಷ್ಟರಲ್ಲಿ ಎರಡು ಕ್ಲಚ್ ಪ್ಲೇಟ್ ಸುಟ್ಟುಹೋಯಿತು. ಅದೇ ಗಾಡಿ ಆಗುಂಬೆಯ ಹದಿನಾಲ್ಕು ತಿರುವನ್ನೂ ತಕರಾರಿಲ್ಲದೆ ಹತ್ತಿತ್ತು! ‘ಗಾಡಿಗೇನೂ ಆಗಿಲ್ಲ ಮಾರಾಯ್ರೆ, ಏರಲ್ಲಿ ನೀವು ಅದನ್ನ ಹಾಫ್ ಕ್ಲಚ್ಚಲ್ಲಿ ನಿಲ್ಲಿಸ್ತೀರಿ’ ಅಂದರು ಮೆಕ್ಯಾನಿಕ್. ಏನು ಕೊಳ್ಳಬೇಕು ಅಂತ ನಾನು ಲೆಕ್ಕ ಹಾಕಲು ಕೂತಿದ್ದು ಆಮೇಲೆ. ಕ್ರಮ ಉಲ್ಟಾ ಆಯಿತು. ನಿಮ್ಮದು ಹಾಗಾಗದಿರಲಿ ಅಂತ ಇಷ್ಟು ಬರೆಯುತ್ತಿದ್ದೇನೆ.

ಮೊದಲ ಕೆಲಸ: ಲೋಡಿನ ಪಟ್ಟಿ

ಹಳೇ ಕ್ಯಾಲೆಂಡರ್ ಒಂದನ್ನು ತೆಗೆದುಕೊಳ್ಳಿ. ಕಳೆದ ವರ್ಷ ಯಾವ ತಿಂಗಳು ಏನು ಸಾಗಿಸಿದಿರಿ, ಎಷ್ಟು ಸಲ, ಎಲ್ಲಿಗೆ ಅಂತ ಬರೆಯಿರಿ. ನೆನಪಿನ ಲೆಕ್ಕ ಯಾವಾಗಲೂ ದೊಡ್ಡ ಲೋಡಿನ ಕಡೆಗೇ ವಾಲುತ್ತದೆ. ಚೀಲ ತುಂಬಿಸಿ ಮಂಡಿಗೆ ಹೋದ ದಿನ ನೆನಪಿರುತ್ತದೆ. ಹಿಂಡಿ ನಾಲ್ಕು ಚೀಲ, ಹಾಲಿನ ಕ್ಯಾನು, ಹುಲ್ಲು, ಕೆಲಸದವರ ಬುತ್ತಿ ಅಂತ ಓಡಾಡಿದ ಮುನ್ನೂರು ದಿನ ಮರೆತುಹೋಗುತ್ತದೆ.

ತೂಕ ಅಂದಾಜು ಮಾಡುವುದು ಕಷ್ಟವಲ್ಲ. ಸಿಮೆಂಟ್ ಚೀಲ 50 ಕೆ.ಜಿ., ಯೂರಿಯಾ ಚೀಲ 45. ಮೋಸ ಮಾಡುವುದು ಹಸಿ ಅಡಿಕೆ ಮತ್ತು ಕೊಟ್ಟಿಗೆ ಗೊಬ್ಬರ. ಬೇಸಿಗೆಯಲ್ಲಿ ಹಗುರ ಅನಿಸಿದ ಒಂದು ಲೋಡ್ ಗೊಬ್ಬರ ಮಳೆಯಲ್ಲಿ ನೆನೆದರೆ ಬೇರೆಯದೇ ತೂಕ. ಪಟ್ಟಿಯಲ್ಲಿ ನೆನೆದ ತೂಕವನ್ನೇ ಬರೆಯಿರಿ.

ಆಮೇಲೆ ಆರ್‌ಸಿ ಪುಸ್ತಕದ ಲೆಕ್ಕ. ಅದರಲ್ಲಿ ಖಾಲಿ ಗಾಡಿಯ ತೂಕ, ಲೋಡ್ ಸಮೇತ ಒಟ್ಟು ತೂಕ ಎರಡೂ ಇರುತ್ತವೆ. ಒಂದರಿಂದ ಒಂದು ಕಳೆದರೆ ಉಳಿಯುವುದರಲ್ಲಿ ನೀವು, ಡ್ರೈವರ್, ಪಕ್ಕದಲ್ಲಿ ಕೂತ ಭಾವ ಎಲ್ಲರೂ ಸೇರಿರುತ್ತೀರಿ. ಅದನ್ನು ಮೀರಿ ತುಂಬಿದರೆ 2019ರಲ್ಲಿ ತಿದ್ದುಪಡಿಯಾದ ಕೇಂದ್ರ ಕಾಯ್ದೆಯ ಪ್ರಕಾರ ದಂಡ 20,000 ರೂಪಾಯಿ. ಮೀರಿದ ಒಂದೊಂದು ಟನ್ನಿಗೆ ಮತ್ತೆ 2,000.

ನಿಮ್ಮ ಏರನ್ನು ಅಳೆಯಿರಿ

ಇದಕ್ಕೆ ಎಂಜಿನಿಯರ್ ಬೇಡ. ಮೇಸ್ತ್ರಿಯ ರಸಮಟ್ಟ, ಒಂದು ಮೀಟರ್ ಉದ್ದದ ನೇರ ಹಲಗೆ, ಒಂದು ಟೇಪು ಸಾಕು. ಹಲಗೆಯ ಒಂದು ತುದಿಯನ್ನು ಏರಿನ ಮೇಲ್ಬದಿಗೆ ನೆಲಕ್ಕೆ ಊರಿ. ಮೇಲೆ ರಸಮಟ್ಟ ಇಟ್ಟು, ಗುಳ್ಳೆ ನಡುವೆ ಬರುವವರೆಗೆ ಇನ್ನೊಂದು ತುದಿಯನ್ನು ಎತ್ತಿ. ಆ ತುದಿಯಿಂದ ನೆಲಕ್ಕೆ ಎಷ್ಟು ಸೆಂಟಿಮೀಟರ್ ಇದೆಯೋ ಏರು ಅಷ್ಟು ಶೇಕಡಾ. ಅತಿ ಕಡಿದಾದ ಜಾಗದಲ್ಲಿ ಮೂರ್ನಾಲ್ಕು ಕಡೆ ಅಳೆಯಿರಿ.

ಬೆಟ್ಟದ ಹೆದ್ದಾರಿಗಳನ್ನು ಸಾಮಾನ್ಯವಾಗಿ ಶೇ 5ರಿಂದ 7ರ ಏರಿನಲ್ಲಿ ಕಟ್ಟುತ್ತಾರೆ. ಅನಿವಾರ್ಯವಾದ ಕಡೆ ಶೇ 8ರ ಹತ್ತಿರ ಹೋಗುತ್ತದೆ. ನಮ್ಮ ಮನೆಯ ಏರು ಅಳೆದಾಗ ಬಂದಿದ್ದು 21! ಘಾಟಿ ಹೆದರಿಸುವುದು ಪ್ರಪಾತದಿಂದ, ತಿರುವಿನಿಂದ. ಗಾಡಿಗೆ ನಿಜವಾದ ಘಾಟಿ ಅಂಗಳದ ಬಾಯಲ್ಲೇ ಇತ್ತು.

ಈಗ ಹಾರ್ಸ್‌ಪವರ್ ಲೆಕ್ಕ

ಒಂದು ಹಾರ್ಸ್‌ಪವರ್ ಅಂದರೆ 75 ಕೆ.ಜಿ. ತೂಕವನ್ನು ಒಂದು ಸೆಕೆಂಡಿನಲ್ಲಿ ಒಂದು ಮೀಟರ್ ಮೇಲೆತ್ತುವ ಶಕ್ತಿ. ಇದೊಂದು ಗೊತ್ತಿದ್ದರೆ ಸೇಲ್ಸ್‌ಮನ್ ಮಾತಿನ ಅರ್ಧ ಗಾಳಿ ಇಳಿಯುತ್ತದೆ.

ಲೋಡ್ ಸಮೇತ 3,000 ಕೆ.ಜಿ. ತೂಗುವ ಗಾಡಿ ಶೇ 8ರ ಘಾಟಿಯನ್ನು ಗಂಟೆಗೆ 20 ಕಿ.ಮೀ. ವೇಗದಲ್ಲಿ ಹತ್ತುತ್ತಿದೆ ಅಂದುಕೊಳ್ಳಿ. ಸೆಕೆಂಡಿಗೆ ಸುಮಾರು ಐದೂವರೆ ಮೀಟರ್ ಮುಂದೆ ಹೋಗುತ್ತದೆ, 0.44 ಮೀಟರ್ ಮೇಲೇರುತ್ತದೆ. 3,000ವನ್ನು 0.44ರಿಂದ ಗುಣಿಸಿ 75ರಿಂದ ಭಾಗಿಸಿ: ಹದಿನೇಳೂವರೆ ಹಾರ್ಸ್‌ಪವರ್. ಟೈರು ಉರುಳುವುದಕ್ಕೆ, ಗೇರ್‌ಬಾಕ್ಸ್ ನುಂಗುವುದಕ್ಕೆ ಐದಾರು ಸೇರಿಸಿ. 23 ಆಯಿತು. ಅದೇ ಏರನ್ನು 40ರ ವೇಗದಲ್ಲಿ ಹತ್ತಬೇಕಾದರೆ ಇದರ ದುಪ್ಪಟ್ಟು.

ಈಗ ಸಣ್ಣ ಗಾಡಿ ನೋಡಿ. 2005ರಲ್ಲಿ ಬಂದ ಮೊದಲ ಟಾಟಾ ಏಸ್‌ನ ಎಂಜಿನ್ 702 ಸಿಸಿ, ಎರಡು ಸಿಲಿಂಡರ್, 16 ಹಾರ್ಸ್‌ಪವರ್. ಲೋಡ್ ಸೇರಿ ಒಂದೂವರೆ ಟನ್ ಅಂತಿಟ್ಟರೆ 20ರ ವೇಗಕ್ಕೆ 12 ಹಾರ್ಸ್‌ಪವರ್ ಸಾಕು. ಹತ್ತುತ್ತದೆ. 40ಕ್ಕೆ 23 ಬೇಕು. ಅದು ಇಲ್ಲವೇ ಇಲ್ಲ. ಅಂದರೆ ಸಣ್ಣ ಎಂಜಿನ್ ಘಾಟಿ ಹತ್ತುವುದಿಲ್ಲ ಅನ್ನುವುದು ಸುಳ್ಳು. ತನ್ನ ಲೋಡಿನಲ್ಲಿ ನಿಧಾನಕ್ಕೆ ಹತ್ತುತ್ತದೆ, ಹಿಂದಿನ ಬಸ್ಸಿನವನು ಹಾರ್ನ್ ಹೊಡೆಯುತ್ತಾನೆ, ಅಷ್ಟೇ. ವಾರಕ್ಕೊಮ್ಮೆ ಘಾಟಿ ಇಳಿಯುವವರು ಅದಕ್ಕಾಗಿ ಎರಡು ಲಕ್ಷ ಜಾಸ್ತಿ ಕೊಡಬೇಕಾ ಅಂತ ಯೋಚಿಸಬೇಕು. ದಿನಾ ಹುಲಿಕಲ್ ಘಾಟಿಯಲ್ಲಿ ಕುಂದಾಪುರಕ್ಕೆ ಬಾಡಿಗೆ ಹೊಡೆಯುವವರ ಮಾತು ಬೇರೆ. ಅವರಿಗೆ ಸಮಯವೇ ದುಡ್ಡು. ಇಳಿಯುವಾಗಲೂ ದೊಡ್ಡ ಎಂಜಿನ್ನಿನ ಹಿಡಿತ ಜಾಸ್ತಿ, ಬ್ರೇಕ್ ಕಾಯುವುದು ಕಡಿಮೆ. ಯಾವ ಎಂಜಿನ್ನಾದರೂ ಹತ್ತಿದ ಗೇರಿನಲ್ಲೇ ಇಳಿಸಿ. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವವರ ಪಕ್ಕ ನಾನು ಕೂರುವುದಿಲ್ಲ.

ಸಿಸಿ ನೋಡಬೇಡಿ, ಟಾರ್ಕ್ ನೋಡಿ

ನಿಂತ ಗಾಡಿಯನ್ನು ಏರಿನಲ್ಲಿ ಕದಲಿಸುವುದು ಟಾರ್ಕ್, ಅಂದರೆ ಎಂಜಿನ್ ತಿರುಚುವ ಬಲ. ನಮ್ಮ ಕಡೆ ‘ದಮ್’ ಅನ್ನುವುದು ಹೆಚ್ಚು ಕಡಿಮೆ ಇದನ್ನೇ. ಸಿಸಿ ಜಾಸ್ತಿ ಇದ್ದರೆ ದಮ್ ಜಾಸ್ತಿ ಅನ್ನುವ ಲೆಕ್ಕ ಹಳೆಯದಾಯಿತು. ಟಾಟಾ ಇಂಟ್ರಾದ ವಿ30 ಮತ್ತು ವಿ50 ಎರಡರಲ್ಲೂ 1,496 ಸಿಸಿ ಎಂಜಿನ್. ಮೊದಲನೆಯದರ ಟಾರ್ಕ್ 140 ನ್ಯೂಟನ್ ಮೀಟರ್, ಎರಡನೆಯದರದ್ದು 220. ಇಸುಜು ವಿ-ಕ್ರಾಸ್‌ನಲ್ಲಿ ಇನ್ನೂ ತಮಾಷೆ. ಹಳೆಯ 2.5 ಲೀಟರ್ ಎಂಜಿನ್ 320 ಕೊಡುತ್ತಿತ್ತು. ಅದರ ಜಾಗಕ್ಕೆ ಬಂದ 1.9 ಲೀಟರ್ ಎಂಜಿನ್ 360 ಕೊಡುತ್ತದೆ.

ಇದೆಲ್ಲ ಟರ್ಬೊ, ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪಿನ ಮಹಿಮೆ. ಆದರೆ ಟರ್ಬೊ ಕೆಲಸಕ್ಕೆ ಇಳಿಯಲು ಎಂಜಿನ್ ಸ್ವಲ್ಪ ತಿರುಗಿರಬೇಕು. ಹಾಗಾಗಿ ಕ್ಯಾಟಲಾಗ್‌ನಲ್ಲಿ ಟಾರ್ಕ್ ಪಕ್ಕದ ಆರ್‌ಪಿಎಂ ಓದಿ. ಎಂಜಿನ್ ನಿಮಿಷಕ್ಕೆ ತಿರುಗುವ ಸುತ್ತು ಅದು. ಪೂರ್ತಿ ಟಾರ್ಕ್ ಯಾವ ಸುತ್ತಿನಲ್ಲಿ ಶುರುವಾಗುತ್ತದೆ ಅನ್ನುವುದು ಮುಖ್ಯ. ಕಡಿಮೆ ಆರ್‌ಪಿಎಂನಲ್ಲೇ ಪೂರ್ತಿ ಬಲ ಸಿಕ್ಕರೆ ಕ್ಲಚ್ ಬದುಕುತ್ತದೆ. 1,200ರಲ್ಲಿ ಸುಮ್ನೆ ಇದ್ದು 1,800ಕ್ಕೆ ಎಚ್ಚರವಾಗುವ ಎಂಜಿನ್ನನ್ನು ಏರಿನಲ್ಲಿ ಕದಲಿಸಬೇಕಾದರೆ ಆಕ್ಸಿಲರೇಟರ್ ಒತ್ತಿ ಕ್ಲಚ್ ಜಾರಿಸುತ್ತೀರಿ. ನನ್ನ ಎರಡು ಪ್ಲೇಟ್ ಹೋಗಿದ್ದು ಹೀಗೆ.

‘ಶೇ ಇಷ್ಟು ಏರು ಹತ್ತುತ್ತದೆ’ ಅಂತಲೂ ಕ್ಯಾಟಲಾಗ್‌ನಲ್ಲಿ ಇರುತ್ತದೆ. ಅದು ಮೊದಲನೇ ಗೇರಿನ ಮಾತು, ಒಣ ಗಟ್ಟಿ ರಸ್ತೆಯ ಮಾತು. ಗೇರಿನ ಹಲ್ಲು ಹೊಂದಿಸಿದರೆ ಸಣ್ಣ ಎಂಜಿನ್ನಿಗೂ ದೊಡ್ಡ ಅಂಕಿ ಬರುತ್ತದೆ.

ಜೂನ್ ಬಂದಾಗ

ಮಳೆಗಾಲದಲ್ಲಿ ಸೋಲುವುದು ಎಂಜಿನ್ ಅಲ್ಲ, ಟೈರು. ನಮ್ಮ ಪಿಕಪ್‌ಗಳಲ್ಲಿ ಬಹುಪಾಲು ಹಿಂದಿನ ಚಕ್ರ ತಳ್ಳುವಂಥವು. ಹಿಂದೆ ಲೋಡ್ ಇಲ್ಲದಿದ್ದರೆ ಚಕ್ರದ ಮೇಲೆ ಭಾರವಿಲ್ಲ. ಜಾರುವ ಕೆಮ್ಮಣ್ಣಿನಲ್ಲಿ ಗಿರ್ರನೆ ತಿರುಗುತ್ತದೆ. ದೊಡ್ಡ ಎಂಜಿನ್ ಹಾಕಿದರೆ ಇನ್ನೂ ಜೋರಾಗಿ ತಿರುಗುತ್ತದೆ, ಅಷ್ಟೇ ಲಾಭ. ನಿಮ್ಮ ತೊಂದರೆ ಕೆಸರೇ ಆಗಿದ್ದರೆ ಆ ದುಡ್ಡನ್ನು ಫೋರ್ ವೀಲ್ ಡ್ರೈವ್‌ಗೆ ಹಾಕಿ. ಬೊಲೆರೋ ಪಿಕಪ್, ಟಾಟಾ ಯೋಧದಲ್ಲಿ ಅಂಥ ಮಾದರಿಗಳು ಬಂದಿವೆ. ಅದಕ್ಕಿಂತ ಅಗ್ಗದ ದಾರಿಯೂ ಇದೆ. ಏರಿಗೆ ಎರಡು ಪಟ್ಟಿ ಕಾಂಕ್ರೀಟ್ ಹಾಕಿಸಿ, ಹಸಿ ಇರುವಾಗಲೇ ಅಡ್ಡ ಗೀರು ಎಳೆಸಿ. ನಾನು ಕಡೆಗೆ ಮಾಡಿದ್ದು ಇದನ್ನೇ.

ಡೀಸೆಲ್ ಲೆಕ್ಕ

ಸಣ್ಣದು ಲೀಟರಿಗೆ 18, ದೊಡ್ಡದು 13 ಕಿ.ಮೀ. ಕೊಡುತ್ತದೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಡೀಸೆಲ್ 90 ರೂಪಾಯಿ, ವರ್ಷಕ್ಕೆ 12,000 ಕಿ.ಮೀ. ಓಟ. ವ್ಯತ್ಯಾಸ ಸುಮಾರು 256 ಲೀಟರ್, 23 ಸಾವಿರ ರೂಪಾಯಿ.

ಇನ್ನೊಂದು ಬದಿ ನೋಡಿ. ತೀರ್ಥಹಳ್ಳಿಯಿಂದ ಶಿವಮೊಗ್ಗಕ್ಕೆ ಹೋಗಿ ಬರಲು ಸುಮಾರು 120 ಕಿ.ಮೀ. ಸಣ್ಣ ಗಾಡಿಯಲ್ಲಿ ಎರಡನೇ ಟ್ರಿಪ್ ಹೊಡೆದರೆ 600 ರೂಪಾಯಿ ಡೀಸೆಲ್. ಡ್ರೈವರ್ ಸಂಬಳ 800 ಅಂದರೆ 1,400. ದೊಡ್ಡ ಗಾಡಿಯಿಂದ ವರ್ಷಕ್ಕೆ ಹದಿನಾರು, ಹದಿನೇಳು ಟ್ರಿಪ್ ಉಳಿದರೆ ಡೀಸೆಲ್ ನಷ್ಟ ತೀರಿತು. ಇಎಂಐ ವ್ಯತ್ಯಾಸ ಇದರಲ್ಲಿ ಸೇರಿಲ್ಲ, ಅದನ್ನು ನೀವು ಸೇರಿಸಿಕೊಳ್ಳಿ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ ಈ ಲೆಕ್ಕವೇ ಬೇರೆ ಇತ್ತು. ಎರಡು ಟ್ರಿಪ್ ಅಂದರೆ ಲಾಂಚ್‌ಗೆ ಅಷ್ಟೂ ಸಲ ಕಾಯಬೇಕಿತ್ತು. 2025ರ ಜುಲೈನಲ್ಲಿ ಸಿಗಂದೂರು ಸೇತುವೆ ಆದ ಮೇಲೆ ಅವರೂ ಹೊಸದಾಗಿ ಲೆಕ್ಕ ಹಾಕಬೇಕು.

ಮೈಲೇಜ್ ಅಂಕಿ ಖಾಲಿ ಗಾಡಿಯದ್ದಾ, ಲೋಡ್ ಗಾಡಿಯದ್ದಾ ಅಂತ ಕೇಳಿ. ಸಣ್ಣ ಎಂಜಿನ್ನನ್ನು ಸದಾ ಎದೆ ಬಡಿಯುವಂತೆ ಓಡಿಸಿದರೆ ಮೇಲಿನ 18 ಉಳಿಯುವುದಿಲ್ಲ.

ದೊಡ್ಡದಕ್ಕೂ ಒಂದು ಕಾಯಿಲೆ ಇದೆ. 2020ರ ಏಪ್ರಿಲ್‌ನಿಂದ ಗಾಡಿಯ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಬಂತು. ಆಮೇಲಿನ ಬಹಳಷ್ಟು ಡೀಸೆಲ್ ಗಾಡಿಗಳ ಸೈಲೆನ್ಸರ್ ಸಾಲಿನಲ್ಲಿ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಹಿಡಿದ ಮಸಿ ಸುಡಬೇಕಾದರೆ ಹೊಗೆ ಚೆನ್ನಾಗಿ ಕಾಯಬೇಕು, ಅಂದರೆ ಗಾಡಿ ಒಂದಷ್ಟು ದೂರ ಬಿಸಿಯಾಗಿ ಓಡಬೇಕು. ಮನೆಯಿಂದ ಸೊಸೈಟಿಗೆ ಎರಡು ಕಿ.ಮೀ., ಸೊಸೈಟಿಯಿಂದ ಮನೆಗೆ ಎರಡು ಕಿ.ಮೀ. ಅಂತ ಓಡುವ ದೊಡ್ಡ ಎಂಜಿನ್ ಬಿಸಿಯಾಗುವುದೇ ಇಲ್ಲ. ಮೀಟರ್ ಬೋರ್ಡಿನಲ್ಲಿ ದೀಪ ಹತ್ತುತ್ತದೆ. ಅಂಥವರಿಗೆ ಸಣ್ಣದೇ ವಾಸಿ, ಪೆಟ್ರೋಲ್ ಆದರೂ ಸರಿ.

ಕಾಗದ ಪತ್ರ

ಒಟ್ಟು ತೂಕ 3,000 ಕೆ.ಜಿ. ಮೀರದ ಗೂಡ್ಸ್ ಗಾಡಿಗೆ ಪರ್ಮಿಟ್ ಬೇಡ. ಮೀರಿದರೆ ಬೇಕು. ಹಾಗಾಗಿ ದೊಡ್ಡ ಎಂಜಿನ್ನಿನ ಜೊತೆಗೆ ಬರುವ ಒಟ್ಟು ತೂಕದ ಅಂಕಿಯನ್ನೂ ನೋಡಿ. ಲೈಸೆನ್ಸ್ ಚಿಂತೆ ಬೇಡ. 7,500 ಕೆ.ಜಿ. ಒಳಗಿನ ಸರಕು ಗಾಡಿಯನ್ನು ಎಲ್‌ಎಂವಿ (ಲಘು ವಾಹನ) ಲೈಸೆನ್ಸಿನಲ್ಲೇ ಓಡಿಸಬಹುದು ಅಂತ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2024ರ ನವೆಂಬರ್‌ನಲ್ಲಿ ಹೇಳಿದೆ.

ಕೊನೆಗೆ, ಟೆಸ್ಟ್ ಡ್ರೈವ್ ಮನೆಯಲ್ಲಿ

ಶಿವಮೊಗ್ಗದ ಬೈಪಾಸ್‌ನಲ್ಲಿ ಖಾಲಿ ಓಡಿಸಿದರೆ ಎಲ್ಲ ಗಾಡಿಯೂ ಚಿನ್ನವೇ, ಅಲ್ವಾ? ಶೋರೂಮಿನವರಿಗೆ ಗಾಡಿಯನ್ನು ಮನೆಗೆ ತರಲು ಹೇಳಿ. ಕೊಳ್ಳುವ ಮನಸ್ಸಿದೆ ಅಂತ ಗೊತ್ತಾದರೆ ಸಾಮಾನ್ಯವಾಗಿ ತರುತ್ತಾರೆ. ಪಟ್ಟಿಯಲ್ಲಿ ಅತಿ ಹೆಚ್ಚು ಸಲ ಬಂದ ಲೋಡ್ ಯಾವುದೋ ಅಷ್ಟನ್ನು ತುಂಬಿ. ಏರಿನ ನಡುವೆ, ಹಲಗೆ ಇಟ್ಟು ಅಳೆದ ಅದೇ ಕಡಿದಾದ ಜಾಗದಲ್ಲಿ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಹಾಕಿ. ಅಲ್ಲಿಂದ ಕದಲಿಸಿ. ಮೂರು ಸಲ ಮಾಡಿ. ಆಮೇಲೆ ರಿವರ್ಸ್‌ನಲ್ಲೂ ಒಮ್ಮೆ ಹತ್ತಿಸಿ. ಅಂಗಳದಲ್ಲಿ ತಿರುಗಿಸಲು ಜಾಗ ಇಲ್ಲದವರ ಪಾಡು ಅದೇ ತಾನೇ.

ಓಡಿಸುವುದು ಶೋರೂಮಿನ ಹುಡುಗ ಅಲ್ಲ. ನಾಳೆ ದಿನಾ ಓಡಿಸುವವರು ಯಾರೋ ಅವರು. ಮನೆಯ ಇನ್ನೊಬ್ಬರು ಗಾಡಿಯ ಪಕ್ಕ ನಿಂತು ಮೂಗು ಚುರುಕು ಮಾಡಿಕೊಳ್ಳಲಿ. ಮೂರನೇ ಸಲಕ್ಕೆ ಸುಟ್ಟ ವಾಸನೆ ಬಂದರೆ, ಒಂದು ಮೆಟ್ಟಿಲು ಮೇಲಿನ ಎಂಜಿನ್ ತರಿಸಿ ಇದೇ ಪರೀಕ್ಷೆ ಮತ್ತೆ ಮಾಡಿ. ಬರದಿದ್ದರೆ ಚೀಲ ಇಳಿಸಿ, ರೇಟು ಮಾತಾಡಲು ಕೂರಿ.