ಹುಣಸೆ ಬೀಜದಲ್ಲಿ ಅಳೆದ ವಿಕಿರಣ: ನನ್ನ ಅನುಭವ

ವಿಕಿರಣವನ್ನು ಇದ್ದದ್ದು ಇದ್ದಂತೆಯೇ ಟೇಬಲ್‌ಟಾಪ್ ಆಟಕ್ಕೆ, ಅಂದರೆ ಮೇಜಿನ ಸುತ್ತ ಕೂತು ಪಾತ್ರಗಳಾಗಿ ಕಥೆಯೊಂದನ್ನು ಆಡುವ ಆಟಕ್ಕೆ, ತಂದರೆ ಆಟವೇ ಕೆಡುತ್ತದೆ ಎಂದು ನಮ್ಮ ಗುಂಪಿನ ಹಿರಿಯ ಗೇಮ್ ಮಾಸ್ಟರ್ (ಆಟ ನಡೆಸುವವರು) ಒಬ್ಬರು ಎರಡು ವರ್ಷ ಹೇಳುತ್ತಲೇ ಬಂದರು. ನಾನು ನಡೆಸಿದ ಹದಿನಾಲ್ಕು ಸೆಷನ್‌ಗಳ ಕ್ಯಾಂಪೇನ್ (ಮುಂದುವರಿಯುತ್ತ ಹೋಗುವ ಒಂದೇ ಕಥೆ) ಮುಗಿದ ಮೇಲೆ ಅವರೇ ನನ್ನ ಲೆಕ್ಕದ ಪುಸ್ತಕವನ್ನು ಕೇಳಿ ಪಡೆದಿದ್ದಾರೆ.

ಕಥೆಗೆ ಆರಿಸಿಕೊಂಡದ್ದು 1987ರ ಬ್ರೆಜಿಲ್‌ನ ಗೊಯಾನಿಯಾ. ಪಾಳುಬಿದ್ದ ಚಿಕಿತ್ಸಾಲಯದಿಂದ ಹೊತ್ತು ತಂದ ಸೀಸಿಯಂ-137 ಎಂಬ ವಿಕಿರಣ ವಸ್ತು ಗುಜರಿ ಅಂಗಡಿ ಸೇರಿತು; ಕತ್ತಲಲ್ಲಿ ನೀಲಿಯಾಗಿ ಹೊಳೆಯುವ ಆ ಪುಡಿ ಬಂಧುಬಳಗದಲ್ಲೆಲ್ಲ ಹಂಚಿಹೋಗಿ ನಾಲ್ವರು ಸತ್ತರು. 2010ರಲ್ಲಿ ದೆಹಲಿಯ ಮಾಯಾಪುರಿ ಗುಜರಿ ಪೇಟೆಯಲ್ಲಿ ಇನ್ನೊಂದು ವಿಕಿರಣ ವಸ್ತುವಾದ ಕೋಬಾಲ್ಟ್-60ರಿಂದ ಒಬ್ಬರು ಸತ್ತದ್ದು ನೆನಪಿದ್ದ ನಮ್ಮವರಿಗೆ ಇದು ದೂರದ ಕಥೆ ಎನಿಸಲಿಲ್ಲ.

ಮೊದಲು ಪ್ರತಿ ಟರ್ನ್‌ಗೂ ಪಾತ್ರಗಳ ಹಿಟ್ ಪಾಯಿಂಟ್ (ಜೀವದ ಅಂಕ) ಕಳೆದೆ. ಆಟಗಾರರು ಬೆಂಕಿಯನ್ನು ದಾಟಿದಂತೆ ದಾಟಿ, ಒಂದು ರಾತ್ರಿ ಮಲಗಿ ಎದ್ದು ಸರಿಹೋದರು. ಆಮೇಲೆ ಲ್ಯಾಪ್‌ಟಾಪಿನಲ್ಲಿ ದೂರ, ಗೋಡೆ, ಸಮಯ ಎಲ್ಲವನ್ನೂ ತುಂಬಿಸಿದೆ. ಆಟದ ಒಂದು ಸುತ್ತು ಮುಗಿಯಲು ಇಪ್ಪತ್ತು ನಿಮಿಷ ಹಿಡಿದು ಇಬ್ಬರು ಆಟವನ್ನೇ ಬಿಟ್ಟರು. ಮೂರನೆಯದಾಗಿ ಸುಮಾರು 3,500 ರೂಪಾಯಿ ಸುರಿದು ವಿಕಿರಣ ಮಾಪಕದಂತೆ ಟಿಕ್‌ಟಿಕ್ ಎನ್ನುವ ಪೆಟ್ಟಿಗೆಯೊಂದನ್ನು ಮಾಡಿಸಿದೆ. ಅದು ಚೆನ್ನಾಗಿಯೇ ಕೆಲಸ ಮಾಡಿತು, ಆದರೆ ಗೊಯಾನಿಯಾದ ಗುಜರಿಯವರಿಗೆ ಅಂಥ ಸದ್ದು ಕೇಳಿಸಿರಲೇ ಇಲ್ಲ. ಆ ದುಡ್ಡು ನೀರಿನಲ್ಲಿ ಹೋಮವಾಯಿತು.

ಕೊನೆಗೆ ಕೈಹಿಡಿದದ್ದು ಚೌಕಾಬಾರದ ಡಬ್ಬಿಯಲ್ಲಿದ್ದ ಹುಣಸೆ ಬೀಜ. ಒಂದು ಬೀಜಕ್ಕೆ 0.1 ಸೀವರ್ಟ್ (ಮೈಗೆ ತಾಕಿದ ವಿಕಿರಣದ ಅಳತೆ). ಗೊಯಾನಿಯಾದ ಆ ಸೀಸಿಯಂನಿಂದ ಒಂದು ಮೀಟರ್ ದೂರದಲ್ಲಿ ಗಂಟೆಗೆ ಸುಮಾರು ನಾಲ್ಕೂವರೆ ಸೀವರ್ಟ್, ಅಂದರೆ ಹತ್ತು ನಿಮಿಷಕ್ಕೆ ಏಳೆಂಟು ಬೀಜ. ಎರಡು ಮೀಟರಿಗೆ ಎರಡು, ಅರ್ಧ ಮೀಟರಿಗೆ ಮೂವತ್ತು. ಮಧ್ಯೆ ಆರೂವರೆ ಮಿಲಿಮೀಟರ್ ಸೀಸವಿದ್ದರೆ ಅರ್ಧಕ್ಕರ್ಧ. ಇಷ್ಟನ್ನು ಒಂದು ರಟ್ಟಿನ ಪಟ್ಟಿಯ ಮೇಲೆ ಬರೆದಿಟ್ಟುಕೊಂಡೆ. ಪ್ರತಿ ಪಾತ್ರಕ್ಕೂ ಬಟ್ಟೆ ಹಾಸಿದ ಒಂದು ಡಬ್ಬಿ. ಕಥೆಯಲ್ಲಿ ವಿಕಿರಣ ಮಾಪಕ ಹಿಡಿದವನ ಬೀಜಗಳು ಮಾತ್ರ ಬರಿಯ ಸ್ಟೀಲ್ ಡಬ್ಬಿಗೆ ಸದ್ದು ಮಾಡುತ್ತ ಬೀಳುತ್ತವೆ. ಉಳಿದವರು ನನ್ನ ಕೈ ನೋಡಿ ಎಣಿಸದಂತೆ ಮಾಡುವ ಉಪಾಯವನ್ನು ಇಲ್ಲಿ ಬರೆಯುವುದಿಲ್ಲ, ಏಕೆಂದರೆ ಮುಂದಿನ ಆಟಕ್ಕೆ ಬರುವವರೂ ಇದನ್ನು ಓದುತ್ತಾರೆ.

ಪುಡಿ ಹರಡುವುದನ್ನು ತೋರಿಸಲು ಒಮ್ಮೆ ಅರಿಶಿನ ಬಳಸಿದೆ. ಪುಡಿ ಮುಟ್ಟಿದ ಆಟಗಾರನ ಬೆರಳಿಗೆ ಚಿಟಿಕೆ ಹಚ್ಚಿದ್ದೆನಷ್ಟೆ; ಒಂದು ಗಂಟೆಯೊಳಗೆ ಡೈಸ್, ಕಾಫಿ ಲೋಟ, ಚಕ್ಕುಲಿ ತಟ್ಟೆ, ಇನ್ನೊಬ್ಬರ ಕನ್ನಡಕ ಎಲ್ಲವೂ ಹಳದಿಯಾಗಿದ್ದವು. ಸಾವಿರದಿನ್ನೂರು ರೂಪಾಯಿಯ ಫ್ಲೆಕ್ಸ್ ಮ್ಯಾಪ್ ಹಾಳಾಯಿತು, ಆದರೆ ಅಂದಿನಿಂದ ನಮ್ಮ ಆಟದಲ್ಲಿ ಕೈ ತೊಳೆಯದೆ ಯಾವ ಪಾತ್ರವೂ ಊಟಕ್ಕೆ ಕೂತದ್ದಿಲ್ಲ.

ನನಗೆ ಅತ್ಯಂತ ಹೆಮ್ಮೆಯಿರುವುದು ಹುಸಿ ಚೇತರಿಕೆಯ ಬಗ್ಗೆ. ಐದನೆಯ ಸೆಷನ್ನಿನಲ್ಲಿ ಒಬ್ಬ ಆಟಗಾರ, ಕಥೆಯೊಳಗೆ, ಸೀಸಿಯಂ ಇದ್ದ ಡಬ್ಬಿಯನ್ನು ತೊಡೆಯ ಬಳಿ ಇಟ್ಟುಕೊಂಡು ಹತ್ತು ನಿಮಿಷ ಸುತ್ತಿಗೆಯಿಂದ ಬಡಿದ. ಅಂದು ಸಂಜೆಯೇ ವಾಂತಿಯಾಯಿತು. ಊಟ ಕೆಟ್ಟಿರಬೇಕು ಎಂದು ಎಲ್ಲರೂ ಒಪ್ಪಿದರು. ಎರಡು ದಿನದಲ್ಲಿ ಚೇತರಿಸಿಕೊಂಡವನು ಆಸ್ಪತ್ರೆಯ ಮಾತನ್ನೇ ಬಿಟ್ಟು ಮೂರು ಸೆಷನ್ ಆರಾಮವಾಗಿ ಆಡಿದ. ಆಟದ ಮೂರನೆಯ ವಾರದಲ್ಲಿ ಕೂದಲು ಉದುರಿ, ಒಸಡಿನಲ್ಲಿ ರಕ್ತ ಕಂಡು, ಜ್ವರ ಏರಿದಾಗ ಅವನ ಬೀಜದ ಡಬ್ಬಿ ತೆರೆದು ಎಲ್ಲರೆದುರು ಎಣಿಸಿದೆ. ನಲವತ್ತಮೂರು ಬೀಜಗಳಿದ್ದವು. ಚಿಕಿತ್ಸೆಯಿಲ್ಲದಿದ್ದರೆ ನಾಲ್ಕು ಸೀವರ್ಟ್‌ಗೆ ಸುಮಾರು ಅರ್ಧದಷ್ಟು ಜನ ಉಳಿಯುವುದಿಲ್ಲ. ಇಷ್ಟೆಲ್ಲ ಯಾವಾಗ ಬಿತ್ತು ಎಂದು ಅವನು ಕೇಳಿದ. ಐದನೆಯ ಸೆಷನ್ನಿನ ಪುಟ ತೆಗೆದು ಸುತ್ತಿಗೆಯ ಆ ಹತ್ತು ನಿಮಿಷದ ಸಾಲನ್ನು ತೋರಿಸಿ, ಆಮೇಲಷ್ಟೇ ಡೈಸನ್ನು ಅವನ ಕೈಗೆ ಕೊಟ್ಟೆ.