ಎರಚಲು ಮಳೆಗೆ ಛತ್ರಿ: ಸೆರಗು, ಹಗ್ಗ, ಕೋಡಿ

ಮಳೆ ನೆಟ್ಟಗೆ ಸುರಿದರೆ ಯಾವ ಛತ್ರಿಯಾದರೂ ಸಾಕು. ಗಾಳಿ ಸೇರಿ ಎರಚಲು ಹೊಡೆಯಿತೆಂದರೆ ತಲೆ ಮಾತ್ರ ಒಣಗಿರುತ್ತೆ, ಸೊಂಟದಿಂದ ಕೆಳಗೆ ಬಟ್ಟೆ ಹಿಂಡಬೇಕು. ಇನ್ನೊಂದು ಗಾಳಿ ಬಂದರೆ ಛತ್ರಿಯೇ ಮೇಲ್ಮುಖವಾಗಿ ಮಗುಚಿಕೊಂಡು ಬಟ್ಟಲಾಗುತ್ತೆ.

ನಾನು ಚಿಕ್ಕಬಳ್ಳಾಪುರದಲ್ಲಿ ಬಿ.ಬಿ. ರಸ್ತೆಗೆ ಹೊಂದಿಕೊಂಡ ಗಲ್ಲಿಯಲ್ಲಿ ಹೊಲಿಗೆ ಅಂಗಡಿ ಇಟ್ಟುಕೊಂಡಿರುವವಳು. ಮನೆ ಕಂದವಾರದ ಕಡೆ. ಕೆರೆಯ ಪಕ್ಕ ನಡೆದು ಬರುವಾಗ ಗಾಳಿಗೆ ಅಡ್ಡ ಅನ್ನುವುದು ಒಂದು ಮರವೂ ಸಿಗುವುದಿಲ್ಲ. ಮೂರು ವರ್ಷದ ಹಿಂದೆ, ಭರಣಿ ಮಳೆಯ ಒಂದು ಸಂಜೆ, ಮದುಮಗಳ ಐದು ಬ್ಲೌಸನ್ನು ಬಟ್ಟೆ ಚೀಲದಲ್ಲಿ ಹಾಕಿಕೊಂಡು ಕೊಡಲು ಹೊರಟಿದ್ದೆ. ಛತ್ರಿ ಹಿಡಿದೇ ಇದ್ದೆ. ಆದರೂ ಚೀಲ ನೆನೆದು ಮರೂನ್ ಬಣ್ಣದ ಲೈನಿಂಗ್ ಕೆನೆ ಬಣ್ಣದ ರೇಷ್ಮೆಗೆ ಇಳಿಯಿತು. ಮರುದಿನ ಧಾರೆ. ರಾತ್ರಿಯೆಲ್ಲಾ ಕೂತು ಬೇರೆ ಹೊಲಿದುಕೊಟ್ಟೆ. ಆ ಹುಡುಗಿಯ ತಾಯಿ ಒಂದು ಮಾತೂ ಬಯ್ಯಲಿಲ್ಲ, ಅದೇ ಹೆಚ್ಚು ನೋಯಿಸಿತು. ಅವತ್ತಿನಿಂದ ಛತ್ರಿ ಬಿಚ್ಚಿ ಹೊಲಿಯುವುದು ಶುರುವಾಯಿತು. ನಾಲ್ಕನೇ ಛತ್ರಿಯಲ್ಲಿ ಅದು ಒಂದು ಹದಕ್ಕೆ ಬಂತು. ಅದನ್ನೇ ಇಲ್ಲಿ ಹೇಳುತ್ತಿದ್ದೇನೆ. ಮನೆಯಲ್ಲಿ ಹೊಲಿಗೆ ಮಿಷಿನ್ ಇದ್ದು ನೇರ ಹೊಲಿಗೆ ಬಂದರೆ ಎರಡು ಮಧ್ಯಾಹ್ನದ ಕೆಲಸ.

ಮೊದಲು ಮಳೆ ಎಲ್ಲಿಂದ ಒಳಗೆ ಬರುತ್ತೆ ಅನ್ನುವ ಲೆಕ್ಕ. ಇದನ್ನು ಪಿಯುಸಿ ಓದುತ್ತಿದ್ದ ನನ್ನ ಮಗಳು ಹಾಕಿಕೊಟ್ಟಳು. ಎರಡು ಮಿಲಿಮೀಟರ್ ದಪ್ಪದ ಹನಿ ಸೆಕೆಂಡಿಗೆ ಸುಮಾರು 6.5 ಮೀಟರ್ ವೇಗದಲ್ಲಿ ಇಳಿಯುತ್ತೆ. ಗಾಳಿಯೂ ಅಷ್ಟೇ ವೇಗದಲ್ಲಿ, ಅಂದರೆ ಗಂಟೆಗೆ 23 ಕಿಲೋಮೀಟರಿನಷ್ಟು ಬೀಸಿದರೆ ಹನಿ 45 ಡಿಗ್ರಿ ಓರೆಯಾಗಿ ಬರುತ್ತೆ. ಗುಡುಗು ಮಳೆಯ ಮುಂದೆ ಬರುವ ಗಾಳಿಗೆ ಆ ವೇಗ ಏನೇನೂ ಅಲ್ಲ. 23 ಇಂಚಿನ ಕಡ್ಡಿಯ ಛತ್ರಿ ಬಿಚ್ಚಿದಾಗ ನಡುಕೋಲಿನಿಂದ ಅಂಚಿಗೆ ಹತ್ತಿರ ಹತ್ತಿರ 20 ಇಂಚು. ಅಂಚು ಹಣೆಯ ಮಟ್ಟದಲ್ಲಿದ್ದರೆ, ಅದರ ಕೆಳಗೆ ನುಗ್ಗಿದ ಓರೆ ಹನಿ 20 ಇಂಚು ಇಳಿಯುವಷ್ಟರಲ್ಲಿ ಮೈಗೆ ತಾಗುತ್ತೆ. ಅಂದರೆ ಸರಿಯಾಗಿ ಹೊಟ್ಟೆಯ ಹತ್ತಿರ. ಚೀಲ ಹಿಡಿಯುವುದೂ ಅಲ್ಲೇ. ಸಣ್ಣ ಹನಿ ಇನ್ನೂ ನಿಧಾನವಾಗಿ ಇಳಿಯುವುದರಿಂದ ಇನ್ನೂ ಓರೆ. ಜಿಟಿಜಿಟಿ ಮಳೆಗೆ ಗಾಳಿ ಸೇರಿದರೆ ಮುಖವೂ ನೆನೆಯುವುದು ಇದಕ್ಕೇ.

ಹಾಗಾಗಿ ಛತ್ರಿ ಸುತ್ತಲೂ ಒಂದೇ ಸಮ ಇರುವುದೇ ತೊಂದರೆ ಅನ್ನುವುದು ನನ್ನ ತೀರ್ಮಾನ. ಎರಚಲಿಗೆ ಒಂದು ದಿಕ್ಕಿದೆ, ಛತ್ರಿಗೂ ಒಂದು ದಿಕ್ಕು ಬೇಕು. ನಮ್ಮ ಮಾವ ದ್ರಾಕ್ಷಿ ತೋಟದಲ್ಲಿ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಕೆಲಸ ಮಾಡುತ್ತಿದ್ದರು. ಮಳೆ ಯಾವ ಕಡೆಯಿಂದ ಬಂದರೆ ಆ ಕಡೆಗೆ ಬೆನ್ನು ತಿರುಗಿಸಿದರೆ ಮುಗಿಯಿತು, ಮುಂದೆ ಕೈ ಖಾಲಿ. ಕೊಪ್ಪೆಗೆ ಹಿಂದು ಮುಂದು ಇದೆ. ನೆದರ್‌ಲೆಂಡ್ಸಿನ ಡೆಲ್ಫ್ಟ್‌ನಲ್ಲಿ ಓದುತ್ತಿದ್ದ ಹುಡುಗರು 2006ರಲ್ಲಿ ಮಾರುಕಟ್ಟೆಗೆ ತಂದ ಸೆನ್ಝ್ ಛತ್ರಿಯದೂ ಇದೇ ದಾರಿ: ಮುಂದೆ ಮೋಟು, ಹಿಂದೆ ಉದ್ದ, ಕೋಲು ನಡುವಿನಲ್ಲಿಲ್ಲ. ನಾವು ಮನೆಯಲ್ಲಿ ಕೋಲನ್ನು ಪಕ್ಕಕ್ಕೆ ಸರಿಸುವುದಕ್ಕಾಗುವುದಿಲ್ಲ, ಬಟ್ಟೆಯನ್ನು ಬದಲಾಯಿಸಬಹುದು.

ಛತ್ರಿ ಆರಿಸುವಾಗ ಮೂರು ಮಡಿಕೆಯದು ಬೇಡವೇ ಬೇಡ. ಪ್ರತಿ ಮಡಿಕೆಯೂ ಒಂದು ಸಡಿಲ ಕೀಲು, ಗಾಳಿ ಮೊದಲು ಮುರಿಯುವುದು ಅಲ್ಲೇ. ಉದ್ದ ಕೋಲಿನ, ಎಂಟು ಕಡ್ಡಿಯ, ಕೊಕ್ಕೆ ಹಿಡಿಯ ಹಳೇ ಕರಿ ಛತ್ರಿ ಎಲ್ಲಕ್ಕಿಂತ ಒಳ್ಳೆಯದು. ಅದರ ಉಕ್ಕಿನ ಕಡ್ಡಿಯನ್ನು ತಿರುಗಿಸಿ ನೋಡಿ, ಸಣ್ಣ ಕಾಲುವೆಯ ಹಾಗೆ ಒಳಗೆ ಹಳ್ಳ ಇರುತ್ತೆ. 1852ರಲ್ಲಿ ಇಂಗ್ಲೆಂಡಿನ ಸ್ಯಾಮ್ಯುಯಲ್ ಫಾಕ್ಸ್ ಎಂಬಾತ ತಂದ ವಿನ್ಯಾಸ ಅದು. ಹಗುರವಾಗಿದ್ದೂ ಬಾಗುವುದಿಲ್ಲ, ಆದರೆ ಒಮ್ಮೆ ನುಜ್ಜಾದರೆ ಅಲ್ಲೇ ಮತ್ತೆ ಮತ್ತೆ ಮಡಿಯುತ್ತೆ. ಅಂಥ ಕಡ್ಡಿಗೆ ಸೈಕಲ್ ಸ್ಪೋಕ್‌ನ ಮೂರು ಇಂಚಿನ ತುಂಡನ್ನು ಆ ಹಳ್ಳದಲ್ಲಿ ಕೂರಿಸಿ ತೆಳು ತಾಮ್ರದ ತಂತಿ ಬಿಗಿಯಾಗಿ ಸುತ್ತಿ. ಫೈಬರ್ ಕಡ್ಡಿಯದು ಸಿಕ್ಕರೆ ಇನ್ನೂ ವಾಸಿ, ಬಾಗಿ ಮತ್ತೆ ನೆಟ್ಟಗಾಗುತ್ತೆ. ಜೊತೆಗೆ ಬಿಸಾಡುವ ಇನ್ನೊಂದು ಛತ್ರಿಯ ಬಟ್ಟೆ ಇಟ್ಟುಕೊಳ್ಳಿ, ಅದೇ ನಮಗೆ ಕಚ್ಚಾ ಮಾಲು.

ಈಗ ದಿಕ್ಕು ಗುರುತು ಮಾಡಿ. ಕೊಕ್ಕೆ ಹಿಡಿಯ ಮೂತಿ ಯಾವ ಕಡೆ ನೋಡುತ್ತೋ ಅದು ಮುಂದು. ಕತ್ತಲಲ್ಲೂ ಕೈಗೇ ತಿಳಿಯುತ್ತೆ. ಬಟ್ಟೆಯ ಎಂಟು ತ್ರಿಕೋನ ತುಂಡುಗಳಲ್ಲಿ ಮುಂದಿನ ಮೂರಕ್ಕೆ ಸೆರಗು, ಹಿಂದಿನ ಮೂರಕ್ಕೆ ಕೋಡಿ, ಅಕ್ಕಪಕ್ಕದ ಎರಡನ್ನು ಮುಟ್ಟುವುದಿಲ್ಲ. ಸೆರಗು ಅಂದರೆ ಅಂಚಿನಿಂದ ಕೆಳಗೆ ಜೋಲುವ ಹಾಳೆ, ಕೋಡಿ ಅಂದರೆ ಗಾಳಿ ಹೊರಗೆ ಹೋಗುವ ಕಿಂಡಿ. ಈ ಹೆಸರುಗಳು ನಾನಿಟ್ಟವು.

ಹೊಲಿಗೆಗೆ 11ರ ಸೂಜಿ, ಪಾಲಿಯೆಸ್ಟರ್ ದಾರ. ಕಾಟನ್ ದಾರ ನೀರು ಕುಡಿದು ಕೊಳೆಯುತ್ತೆ. ಹೊಲಿಗೆ ಉದ್ದಕ್ಕಿರಲಿ. ಸಣ್ಣ ಹೊಲಿಗೆ ಹಾಕಿದರೆ ರಂಧ್ರ ಹೆಚ್ಚಾಗಿ ಬಟ್ಟೆ ಅಲ್ಲೇ ಹರಿಯುತ್ತೆ. ಗುಂಡುಪಿನ್ನು ಚುಚ್ಚಬೇಡಿ, ಬಟ್ಟೆ ಒಣಗಿಸುವ ಕ್ಲಿಪ್ಪು ಹಾಕಿ ಹಿಡಿದುಕೊಳ್ಳಿ. ಮುಗಿದ ಮೇಲೆ ಎಲ್ಲ ಹೊಲಿಗೆಯ ಮೇಲೂ ಮೇಣದಬತ್ತಿ ಉಜ್ಜಿ.

ಸೆರಗಿಗೆ ನಾನು ಮೊದಲು ಛತ್ರಿ ಬಟ್ಟೆಯನ್ನೇ ಹಾಕಿದ್ದೆ. ದಾರಿಯೇ ಕಾಣದೆ ರಸ್ತೆ ದಾಟುವಾಗ ಒಂದು ಟೆಂಪೋ ತೀರಾ ಹತ್ತಿರ ಬಂದು ನಿಂತಿತು. ದಯವಿಟ್ಟು ಆ ತಪ್ಪು ಮಾಡಬೇಡಿ. ಊಟದ ಟೇಬಲ್ ಮೇಲೆ ಹಾಸುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಲ್ಲಿ ತೆಳ್ಳಗಿರುವುದನ್ನು ತನ್ನಿ. ಉದ್ದ 46 ಇಂಚಿನಷ್ಟು ಬೇಕಾಗುತ್ತೆ, ನಿಮ್ಮ ಛತ್ರಿಯ ಮೂರು ತುಂಡಿನ ಅಂಚನ್ನು ಟೇಪಿನಲ್ಲಿ ಅಳೆದೇ ಕತ್ತರಿಸಿ. ಅಗಲ ನಡುವಿನಲ್ಲಿ 9 ಇಂಚು, ಎರಡೂ ತುದಿಗೆ ಬರುವಾಗ 4 ಇಂಚಿಗೆ ಇಳಿಯಲಿ. ಚೌಕವಾಗಿ ಬಿಟ್ಟರೆ ಮೂಲೆ ಪಟಪಟ ಹೊಡೆದುಕೊಂಡು ಕಣ್ಣಿಗೆ ಬೀಳುತ್ತೆ. ಪ್ಲಾಸ್ಟಿಕ್ ಮಿಷಿನ್ನಿನ ಪಾದಕ್ಕೆ ಅಂಟಿಕೊಂಡು ಮುಂದೆ ಹೋಗುವುದಿಲ್ಲ. ಮೇಲೆ ಕೆಳಗೆ ಪೇಪರ್ ಪಟ್ಟಿ ಇಟ್ಟು ಹೊಲಿದು ಆಮೇಲೆ ಪೇಪರ್ ಹರಿದು ತೆಗೆಯಿರಿ. ಮೇಲಂಚಿಗೆ ಛತ್ರಿ ಬಟ್ಟೆಯ ಒಂದಿಂಚು ಪಟ್ಟಿ ಸೇರಿಸಿ, ಅದಕ್ಕೆ ನಾಲ್ಕು ನಾಲ್ಕು ಇಂಚಿಗೊಂದು ಟಿಚ್ ಬಟನ್. ಬಟನ್ನಿನ ಇನ್ನೊಂದು ಹೋಳು ಛತ್ರಿಯ ಅಂಚಿನ ಒಳಮಗ್ಗುಲಿಗೆ ಬರಬೇಕು. ಹೊರಗೆ ಹಾಕಿದರೆ ಛತ್ರಿಯಿಂದ ಇಳಿದ ನೀರು ಸೆರಗಿನ ಸಂದಿಯಲ್ಲಿ ಒಳಗೆ ಸೋರುತ್ತೆ. ಹೆಂಚು ಹೊದಿಸುವಾಗ ಮೇಲಿನದು ಕೆಳಗಿನದರ ಮೇಲೆ ಕೂರುತ್ತಲ್ಲ, ಹಾಗೆ. ಸೆರಗಿನ ಕೆಳಂಚಿನ ಮಧ್ಯಕ್ಕೆ ಹೆಬ್ಬೆರಳು ಹೋಗುವಷ್ಟು ಒಂದು ಕುಣಿಕೆ ಹೊಲಿಯಿರಿ. ಜೋರು ಗಾಳಿಯಲ್ಲಿ ಖಾಲಿ ಕೈಯಿಂದ ಆ ಕುಣಿಕೆ ಹಿಡಿದು ಹೊಟ್ಟೆಯ ಕಡೆಗೆ ಎಳೆದುಕೊಂಡರೆ ಸೆರಗು ಹಾರುವುದಿಲ್ಲ.

ಆದರೆ ಸೆರಗು ಹಾಕಿದ ಮೇಲೆ ಗಾಳಿಗೆ ಸಿಗುವ ಜಾಗ ಹೆಚ್ಚಾಯಿತು. ಗಾಳಿಯ ವೇಗ ಎರಡು ಪಟ್ಟಾದರೆ ಅದರ ಒತ್ತಡ ನಾಲ್ಕು ಪಟ್ಟಾಗುತ್ತೆ. ಒಂದು ಮೀಟರ್ ಅಗಲದ ಛತ್ರಿಯ ಒಳಬಾಯಿಗೆ ಗಂಟೆಗೆ 18 ಕಿಲೋಮೀಟರಿನ ಗಾಳಿ ನೇರವಾಗಿ ತುಂಬಿದರೆ ಕೈಗೆ ಒಂದೂವರೆ ಕೆಜಿಯಷ್ಟು ಎಳೆತ, 36 ಆದರೆ ಆರು ಕೆಜಿ ದಾಟುತ್ತೆ. ಅದಕ್ಕೇ ಮುಂದಿನ ಎರಡು ಕೆಲಸ ಬಿಡದೆ ಮಾಡಬೇಕು. ಸೆರಗೊಂದನ್ನೇ ಹೊಲಿದುಕೊಂಡು ಹೊರಟರೆ ಮೊದಲ ಗಾಳಿಗೇ ಛತ್ರಿ ಮಗುಚುತ್ತೆ.

ಹಗ್ಗದ ಕೆಲಸ ಚಿಕ್ಕದು. ಛತ್ರಿ ಮಗುಚುವುದು ಹೇಗೆ ಅಂದರೆ, ಗಾಳಿ ಅಂಚಿನ ಕೆಳಗೆ ನುಗ್ಗಿ ಕಡ್ಡಿಯ ತುದಿಯನ್ನು ಮೇಲೆತ್ತುತ್ತೆ. ಆಸರೆ ಕಡ್ಡಿ ಬಂದು ಸೇರುವ ಕೀಲಿನಿಂದಾಚೆಗೆ ಹಿಡಿದುಕೊಳ್ಳುವವರು ಯಾರೂ ಇಲ್ಲ. ಆ ತುದಿಯನ್ನು ಕೆಳಗಿನಿಂದ ಎಳೆದು ಕಟ್ಟಬೇಕು. ಮುಂದಿನ ಮೂರು ತುಂಡಿಗೆ ನಾಲ್ಕು ಕಡ್ಡಿ, ನಾಲ್ಕಕ್ಕೂ ಒಂದೊಂದು ಹೆಣೆದ ನೈಲಾನ್ ದಾರ, ಎರಡು ಮಿಲಿಮೀಟರ್ ದಪ್ಪ ಸಾಕು. ಬಟ್ಟೆ ಕಟ್ಟಿರುವ ತುದಿ ರಂಧ್ರಕ್ಕೆ ಒಂದು ಕೊನೆ. ಕೋಲಿನ ಮೇಲೆ ಜಾರುವ ಕೊಳವೆಯ ಕುತ್ತಿಗೆಗೆ, ಆಸರೆ ಕಡ್ಡಿಗಳಿಗಿಂತ ಕೆಳಗೆ, ಇನ್ನೊಂದು ಕೊನೆ. ಛತ್ರಿ ಪೂರ್ತಿ ಬಿಚ್ಚಿಟ್ಟುಕೊಂಡೇ ಕಟ್ಟಿ. ಬೆರಳಿಂದ ಮೀಟಿದರೆ ಟಪ್ ಅನ್ನಬೇಕು, ಕಡ್ಡಿ ಬಾಗಬಾರದು. ಗಂಟಿನ ತುದಿಯನ್ನು ಬೆಂಕಿಕಡ್ಡಿಯಿಂದ ಸುಟ್ಟು ಕರಗಿಸಿ, ಇಲ್ಲದಿದ್ದರೆ ನೈಲಾನ್ ಗಂಟು ಜಾರುತ್ತೆ. ದಾರ ಬಿಳಿ ಬಣ್ಣದ್ದೇ ಇರಲಿ, ಕಣ್ಣಿಗೆ ಕಾಣಬೇಕು. ಮುಚ್ಚುವಾಗ ದಾರಗಳು ಸಡಿಲವಾಗಿ ಜೋಲುತ್ತವೆ, ಬಟ್ಟೆಯ ಮಡಿಕೆಯೊಳಗೆ ಸೇರಿಸಿ ಪಟ್ಟಿ ಬಿಗಿಯಬೇಕು. ಎಂಟೂ ಕಡ್ಡಿಗೆ ಕಟ್ಟಿ ನೋಡಿದೆ, ಮುಚ್ಚುವಾಗ ಬಲೆಯಾಯಿತು. ನಾಲ್ಕೇ ಸರಿ.

ಇನ್ನು ಕೋಡಿ. ಕೆರೆ ಏರಿ ಒಡೆಯದೆ ಉಳಿಯುವುದು ಏರಿ ಗಟ್ಟಿಯಾಗಿದೆ ಅಂತಲ್ಲ, ಹೆಚ್ಚಾದ ನೀರು ಕೋಡಿ ಹರಿದು ಹೋಗುತ್ತೆ ಅಂತ. ಛತ್ರಿಯೊಳಗೆ ತುಂಬಿದ ಗಾಳಿಗೂ ಹೊರಗೆ ಹೋಗುವ ದಾರಿ ಬೇಕು, ಆ ದಾರಿಯಲ್ಲಿ ಮಳೆ ಒಳಗೆ ಬರಬಾರದು. ಕಂದವಾರ ಕೆರೆ ಕೋಡಿ ಹೋಗುವುದನ್ನು ನೋಡುತ್ತಾ ನಿಂತಾಗಲೇ ನನಗಿದು ಹೊಳೆದದ್ದು.

ಹಿಂದಿನ ಮೂರು ತುಂಡುಗಳಲ್ಲಿ, ತುದಿಯ ಮೊಳೆಯಿಂದ 11 ಇಂಚು ಕೆಳಗೆ ಸೀಮೆಸುಣ್ಣದಲ್ಲಿ ದೋಣಿಯ ಆಕಾರ ಬರೆಯಿರಿ: 6 ಇಂಚು ಅಗಲ, ನಡುವೆ 2 ಇಂಚು ಎತ್ತರ. ಎರಡೂ ಪಕ್ಕದ ಕಡ್ಡಿ ಹೊಲಿಗೆಗೆ ಒಂದಿಂಚಾದರೂ ದೂರ ಇರಬೇಕು, ಕಡ್ಡಿಯ ಹೊಲಿಗೆ ಕತ್ತರಿಸಿದರೆ ಇಡೀ ಛತ್ರಿಯ ಬಿಗಿ ಹೋಗುತ್ತೆ. ಕತ್ತರಿಸುವ ಮೊದಲೇ ಗೆರೆಯ ಹೊರಗೆ ಒಂದು ಸುತ್ತು ಹೊಲಿದುಕೊಳ್ಳಿ, ಆಮೇಲೆ ಕತ್ತರಿ. ಛತ್ರಿ ಬಟ್ಟೆ ಓರೆಗೆ ಸಿಕ್ಕಿದ ಕಡೆ ರಬ್ಬರಿನ ಹಾಗೆ ಹಿಗ್ಗುತ್ತೆ, ಬ್ಲೌಸಿನ ಕತ್ತಿಗೆ ಇಡುವಂಥ ಕ್ರಾಸ್ ಪಟ್ಟಿ ಇಟ್ಟು ಅಂಚು ಮುಚ್ಚಿ.

ಅದರ ಮೇಲೆ ಮುಚ್ಚಳ. ಹಳೇ ಛತ್ರಿ ಬಟ್ಟೆಯಲ್ಲಿ ದೋಣಿಗಿಂತ 4 ಇಂಚು ಮೇಲಿನಿಂದ ಶುರುವಾಗಿ 3 ಇಂಚು ಕೆಳಗಿನವರೆಗೆ ಬರುವ ತುಂಡು. ಅಗಲವನ್ನು ಆ ಜಾಗಕ್ಕಿಂತ ಒಂದಿಂಚು ಜಾಸ್ತಿ ಇಡಿ. ಈ ಒಂದಿಂಚಿನಲ್ಲೇ ಗುಟ್ಟು. ಅಳತೆಗೆ ಸರಿಯಾಗಿ ಕತ್ತರಿಸಿದರೆ ಮುಚ್ಚಳ ಬಿಗಿಯಾಗಿ ಕೂತು ಗಾಳಿಯನ್ನು ಬಿಡುವುದೇ ಇಲ್ಲ. ತೋಳಿಗೆ ಸಡಿಲ ಬಿಡುತ್ತೇವಲ್ಲ, ಹಾಗೆ ಉಬ್ಬಲು ಜಾಗ ಕೊಡಬೇಕು. ಮೇಲಂಚು ಮತ್ತು ಎರಡು ಪಕ್ಕ ಹೊಲಿಯಿರಿ, ಕೆಳಗೆ ತೆರೆದಿರಲಿ. ನಡುವೆ ಒಂದೇ ಒಂದು ಎಲಾಸ್ಟಿಕ್ ತುಂಡು, ಎರಡಿಂಚಿನದು, ಮುಚ್ಚಳದಿಂದ ಛತ್ರಿಗೆ. ಗಾಳಿ ತುಂಬಿದಾಗ ಮುಚ್ಚಳ ಎದ್ದು ಉಸಿರು ಬಿಟ್ಟು ಮತ್ತೆ ಕೂರುತ್ತೆ. ಇದರಿಂದ ಗಾಳಿಯೆಲ್ಲಾ ಹೋಗಿಬಿಡುವುದಿಲ್ಲ. ರಭಸದ ಮೊದಲ ಏಟನ್ನು ತಗ್ಗಿಸುತ್ತೆ, ಅಷ್ಟರಲ್ಲಿ ಕೈ ಛತ್ರಿಯನ್ನು ಗಾಳಿಗೆ ವಾಲಿಸಿಕೊಂಡಿರುತ್ತೆ.

ಪರೀಕ್ಷೆ ಮಾಡದೆ ಮಳೆಗೆ ಹೊರಡಬೇಡಿ. ತಿಳಿ ಬಣ್ಣದ ಹಳೇ ಕಾಟನ್ ನೈಟಿ ಹಾಕಿಕೊಂಡು ತಾರಸಿಯ ಮೇಲೆ ಛತ್ರಿ ಹಿಡಿದು ನಿಲ್ಲಿ. ಮನೆಯವರೊಬ್ಬರು ಆರಡಿ ದೂರದಿಂದ ಚೊಂಬಿನಲ್ಲಿ ನೀರು ತೆಗೆದು ಓರೆಯಾಗಿ ಎರಚಲಿ. ನೆನೆದ ಗುರುತು ಎಲ್ಲಿಂದ ಶುರುವಾಗಿದೆ ನೋಡಿ. ಬರೀ ಛತ್ರಿಯಲ್ಲಿ ನನಗೆ ಹೊಕ್ಕುಳಿನಿಂದ ಕೆಳಗೆ ಒದ್ದೆ. ಸೆರಗು ಹಾಕಿದ ಮೇಲೆ ಗುರುತು ತೊಡೆಯ ಅರ್ಧಕ್ಕೆ ಇಳಿಯಿತು. ಮೊಣಕಾಲಿನ ಕೆಳಗೆ ಸೀರೆಯ ನಿರಿಗೆ ನೆನೆಯುವುದನ್ನು ಯಾವ ಛತ್ರಿಯೂ ತಡೆಯದು, ಅದಕ್ಕೆ ನಿರಿಗೆ ಎತ್ತಿ ಸಿಕ್ಕಿಸಿಕೊಳ್ಳುವುದೇ ದಾರಿ. ನಮ್ಮ ಅತ್ತೆ ಎರಚಿದ್ದು ನಾಲ್ಕು ಬಕೆಟ್. "ಸಾಕು ಬಿಡಮ್ಮ, ನೆಗಡಿಯಾದೀತು" ಅಂತ ನಾನು ಅಂದರೂ ಐದನೆಯದನ್ನೂ ತಂದರು.

ಹಿಡಿಯುವುದನ್ನೂ ಹೇಳಿಬಿಡುತ್ತೇನೆ. ಕೊಕ್ಕೆಯ ಮೂತಿ ಗಾಳಿಯ ಕಡೆ, ಕೋಲು ಆ ಕಡೆಗೆ ವಾಲಿರಲಿ, ಚೀಲ ಸೆರಗಿನ ಹಿಂದೆ ಎದೆಗೊತ್ತಿಕೊಂಡು. ಗಾಳಿ ಹಿಂದಿನಿಂದ ಬಂದರೆ ಕೋಲನ್ನು ಭುಜದ ಮೇಲಿಟ್ಟು ಛತ್ರಿಯನ್ನೇ ಬೆನ್ನಿಗೆ ತಿರುಗಿಸಿ, ಆಗ ಅದು ಕೊಪ್ಪೆಯಾಗುತ್ತೆ. ಬಸ್ ಹತ್ತುವ ಮೊದಲು ಸೆರಗು ಬಿಚ್ಚಿ ಕವರಿಗೆ ಹಾಕಿಕೊಳ್ಳಿ. ಸ್ಕೂಟರಿನ ಹಿಂದೆ ಕೂತು ಮಾತ್ರ ಇದನ್ನು ಬಿಚ್ಚಲೇಬೇಡಿ, ಮಾಮೂಲಿ ಛತ್ರಿಯನ್ನೂ ಬೇಡ. ಸವಾರನ ವೇಗವೇ ಗಾಳಿಯಾಗಿ ಆಗಲೇ ಹೇಳಿದ ಆರು ಕೆಜಿಯ ಎಳೆತ ಕೂತವರನ್ನು ಹಿಂದಕ್ಕೆ ಕೆಡವುತ್ತೆ. ಗುಡುಗು ಕೇಳಿಸಿದರೆ ಬಯಲಲ್ಲಿ, ಕೆರೆ ಏರಿಯ ಮೇಲೆ ಛತ್ರಿ ಹಿಡಿದು ನಡೆಯಬೇಡಿ. ಗಟ್ಟಿ ಸೂರಿನ ಒಳಗೆ ಹೋಗಿ, ಮರದ ಕೆಳಗಲ್ಲ.

ಮನೆಗೆ ಬಂದ ಮೇಲೆ ಛತ್ರಿಯನ್ನು ಅರ್ಧ ಬಿಚ್ಚಿ ನೆರಳಲ್ಲಿ ನಿಲ್ಲಿಸಿ. ಮೂರು ಮುಚ್ಚಳಗಳ ಕೆಳಗೂ ಒಂದೊಂದು ಬಟ್ಟೆ ಕ್ಲಿಪ್ಪು ಅಡ್ಡ ಇಟ್ಟು ಎತ್ತಿಡಬೇಕು, ಎರಡು ಪದರದ ಸಂದಿಯಲ್ಲಿ ನೀರು ನಿಂತರೆ ಬೂಸಲು ಹಿಡಿದು ಮುಂದಿನ ಮಳೆಗಾಲಕ್ಕೆ ಮತ್ತೆ ಹೊಲಿಯಬೇಕಾಗುತ್ತೆ.